ಬೆಣಚುಕಲ್ಲಿಗೆ ಸಾಣೆ ಹಿಡಿಯುವದು

ಕನ್ನಡದಲ್ಲಿ 'ಸಾಣೆ' ಎಂಬ ಮಾತನ್ನು ನಾವು ಬಹಳ ಧಾರಾಳವಾಗಿ ಬಳಸುತ್ತೇವೆ. ಬುದ್ಧಿಗೆ ಸಾಣೆ, ಪ್ರತಿಭೆಗೆ ಸಾಣೆ, ಭಾಷೆಗೆ ಸಾಣೆ. ಕಳೆದ ವರ್ಷ ನಮ್ಮ ಕಾಲೇಜಿನ ಒಂದು ಚರ್ಚಾಕೂಟದಲ್ಲಿ ಈ ಶಬ್ದ ಹನ್ನೊಂದು ಸಲ ಬಂದಿತು; ಹಿಂದಿನ ಬೆಂಚಿನಲ್ಲಿ ಕುಳಿತು ಎಣಿಸಿದವನು ನಾನು. ಆದರೆ ನಿಜವಾದ ಸಾಣೆಯನ್ನು, ಕಲ್ಲಿಗೆ ಕಲ್ಲನ್ನೇ ತಿಕ್ಕಿ ಮೆರುಗು ತರುವ ಸಾಣೆಯನ್ನು, ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಎರಡು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ನಾನು ಈ ಕೆಲಸವನ್ನು ಕಲಿಯುತ್ತಲಿದ್ದೇನೆ. ಹೊಳೆಯ ದಂಡೆಯ ಕಲ್ಲೊಂದು ಉಂಗುರದ ಹರಳಾಗುವದು ಹೇಗೆ, ಅದಕ್ಕೆ ಏನೇನು ಬೇಕು, ಅದರಲ್ಲಿರುವ ಅಪಾಯವೇನು ಎಂಬುದನ್ನು ಗೆಳೆಯರ ಮುಂದಿಡಬೇಕೆಂದು ಈ ಲೇಖನ. ನಾನು ಬಿ.ಎ. ವಿದ್ಯಾರ್ಥಿ, ಭೂವಿಜ್ಞಾನ ನನ್ನ ವಿಷಯವಲ್ಲ. ಆದರೂ ಕಲ್ಲು ನಮ್ಮ ಮನೆಗೆ ಹೊಸತಲ್ಲ.

ಹರಳನ್ನು ಕೊರೆಯುವ ರೀತಿ ಮುಖ್ಯವಾಗಿ ಎರಡು. ವಜ್ರಕ್ಕೆ ಮಾಡುವಂತೆ ಹತ್ತಾರು ಚಪ್ಪಟೆ ಮುಖಗಳನ್ನು ಕೊರೆದು, ಒಳಹೊಕ್ಕ ಬೆಳಕು ಮರಳಿ ಮೇಲಕ್ಕೆ ಚಿಮ್ಮುವಂತೆ ಮಾಡುವದು ಒಂದು. ಇದಕ್ಕೆ ಪಾರದರ್ಶಕವಾದ ಕಲ್ಲು ಬೇಕು, ಕೋನಗಳ ಲೆಕ್ಕ ಬೇಕು, ಯಂತ್ರವೂ ಬೇಕು. ತಳವನ್ನು ಸಪಾಟಾಗಿಸಿ ಮೇಲ್ಭಾಗವನ್ನು ಗುಮ್ಮಟದಂತೆ ದುಂಡಗೆ ತಿಕ್ಕಿ ಮೆರುಗು ಕೊಡುವದು ಇನ್ನೊಂದು. ಇದಕ್ಕೆ 'ಕ್ಯಾಬೊಶಾನ್' ಎಂದು ಹೆಸರು. ತಲೆ ಎಂಬರ್ಥದ ಹಳೆಯ ಫ್ರೆಂಚ್ ಶಬ್ದದಿಂದ ಬಂದದ್ದು. ಬೋಳುತಲೆಯೊಂದನ್ನು ನೆನೆಸಿಕೊಂಡರೆ ಆಕಾರ ಕಣ್ಣಿಗೆ ಕಟ್ಟುವದು. ಯಾರ ತಲೆಯೆಂದು ನಾನು ಹೇಳಲಾರೆ, ಇನ್ನೂ ಆಂತರಿಕ ಅಂಕಗಳು ಬರಬೇಕಾಗಿವೆ. ಇಲ್ಲಿ ಅದನ್ನು 'ಗುಮ್ಮಟದ ಹರಳು' ಎಂದು ಕರೆಯುವೆ.

ಮುಖ ಕೊರೆಯುವ ವಿದ್ಯೆ ಯುರೋಪಿನಲ್ಲಿ ಬಲಿತದ್ದು ಸುಮಾರು ೧೫ನೆಯ ಶತಮಾನದಿಂದ ಈಚೆಗೆ. ಅದಕ್ಕಿಂತ ಮುಂಚಿನ ಹರಳುಗಳಲ್ಲಿ ಹೆಚ್ಚಿನವು ಗುಮ್ಮಟದವೇ. ನಮ್ಮ ಅಜ್ಜಿಯಂದಿರ ಹಳೆಯ ಒಡವೆಗಳಲ್ಲಿ ಕುಂದಣವಿಟ್ಟು ಕೂಡ್ರಿಸಿದ ಕೆಂಪು, ಹವಳಗಳನ್ನು ನೋಡಿರಿ. ಅವುಗಳಿಗೆ ಮುಖಗಳಿಲ್ಲ, ಹೊಟ್ಟೆ ಮಾತ್ರ ಇದೆ. ಕೆಲವು ಹರಳುಗಳಿಗಂತೂ ಈ ಆಕಾರ ಬಿಟ್ಟರೆ ಗತಿಯಿಲ್ಲ. ಮೈಸೂರು ಸೀಮೆಯಲ್ಲಿ ದೊರೆಯುವ ನಕ್ಷತ್ರ ಮಾಣಿಕ್ಯದಲ್ಲಿ ಆರು ಕಿರಣಗಳ ಚುಕ್ಕೆಯೊಂದು ಕಾಣುತ್ತದಷ್ಟೆ? ಒಳಗೆ ಕೂದಲಿಗಿಂತ ಸಣ್ಣ ಖನಿಜದ ಸೂಜಿಗಳು ಮೂರು ದಿಕ್ಕಿಗೆ ಹಾಸಿಕೊಂಡಿರುವದರಿಂದ ಅದು ಹುಟ್ಟುತ್ತದೆ. ಮೇಲ್ಮೈ ಗುಮ್ಮಟವಾಗಿದ್ದರೆ ಮಾತ್ರ ಆ ಬೆಳಕು ಒಂದೆಡೆ ಕೂಡಿ ಚುಕ್ಕೆಯಾಗುವದು.

ಇನ್ನು ಗಡಸುತನದ ಮಾತು. ಈ ಕೆಲಸದ ವ್ಯಾಕರಣವೆಲ್ಲ ಇದರಲ್ಲಿಯೇ ಅಡಗಿದೆ. ೧೮೧೨ರಲ್ಲಿ ಫ್ರೀಡ್ರಿಶ್ ಮೋಸ್ ಎಂಬ ಜರ್ಮನ್ ಖನಿಜಶಾಸ್ತ್ರಜ್ಞನು ಹತ್ತು ಖನಿಜಗಳನ್ನು ಸಾಲಾಗಿ ಇಟ್ಟು, ಯಾವುದು ಯಾವುದನ್ನು ಗೀಚುವದೋ ಅದರ ಮೇಲಿಂದ ಒಂದರಿಂದ ಹತ್ತರ ವರೆಗೆ ಅಂಕಗಳನ್ನು ಕೊಟ್ಟನು. ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕಿಗೆ ೧, ವಜ್ರಕ್ಕೆ ೧೦. ನಮ್ಮ ಉಗುರು ಎರಡೂವರೆ, ಚಾಕು ಮತ್ತು ಕಿಟಕಿಯ ಗಾಜು ಐದೂವರೆಯ ಆಸುಪಾಸು, ಬೆಣಚುಕಲ್ಲು ೭, ಮಾಣಿಕ್ಯ ನೀಲಗಳ ಜಾತಿಯ ಕುರುಂದ ೯. ಈ ಕುರುಂದವೇ ಇಂಗ್ಲಿಷಿನ 'ಕೊರಂಡಮ್'. ದಕ್ಷಿಣ ಭಾರತದಿಂದ ಹೋದ ಶಬ್ದ, ಸಂಸ್ಕೃತದ ಕುರುವಿಂದದ ಬಂಧು. ಗಾಜಿನ ಚೂರಿನ ಮೇಲೆ ಗೀಚಿ ನೋಡಿದರೆ ಬೆಣಚುಕಲ್ಲು ಗೀರು ಬಿಡುತ್ತದೆ, ಸುಣ್ಣದಕಲ್ಲು ಬಿಡುವದಿಲ್ಲ. ಖರ್ಚಿಲ್ಲದ ಪರೀಕ್ಷೆ.

ಏಳು ಎಂಬ ಅಂಕಕ್ಕೆ ಒಂದು ವಿಶೇಷವಿದೆ. ನಮ್ಮ ಕಡಲತೀರದ ಬಿಳಿ ಉಸುಕಿನಲ್ಲಿ ದೊಡ್ಡ ಪಾಲು ಬೆಣಚಿನದೇ; ಮನೆಯ ಧೂಳಿನಲ್ಲಿಯೂ ಅದರ ಕಣಗಳು ಇರುತ್ತವೆ. ಏಳಕ್ಕಿಂತ ಮೆದುವಾದ ಹರಳನ್ನು ಉಂಗುರದಲ್ಲಿಟ್ಟು ದಿನವೂ ತೊಟ್ಟರೆ, ಅಂಗಿಯ ತೋಳಿನಿಂದ ಒರೆಸಿದಾಗಲೆಲ್ಲ ಆ ಧೂಳೇ ಅದನ್ನು ಗೀಚಿ ಮಂಕು ಮಾಡುವದು. ಆದ್ದರಿಂದ ಬಾಳಿಕೆಯ ಹರಳು ಬೇಕೆನ್ನುವವನಿಗೆ ಬೆಣಚಿನ ಕುಲವೇ ಆಧಾರ. ಸ್ಫಟಿಕ, ಅಗೇಟು, ಜಾಸ್ಪರ್ ಎಲ್ಲವೂ ಆ ಕುಲದವೇ.

ನಮ್ಮ ಪ್ರಾಂತದಲ್ಲಿ ಕಾಲಿಗೆ ಮೊದಲು ತೊಡರುವ ಕಲ್ಲು ಚಿರೇಕಲ್ಲು. ಇದಕ್ಕೆ 'ಲ್ಯಾಟರೈಟ್' ಎಂಬ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ೧೮೦೦-೦೧ರಲ್ಲಿ ಮಲಬಾರ, ಕೆನರಾಗಳನ್ನು ಸುತ್ತಿ, ಅಂಕೋಲೆ ಸದಾಶಿವಗಡಗಳನ್ನೂ ಕಂಡು ಹೋದ ಈತ ೧೮೦೭ರಲ್ಲಿ ತನ್ನ ಪ್ರವಾಸಗ್ರಂಥವನ್ನು ಪ್ರಕಟಿಸಿದನು. ನೆಲದಲ್ಲಿದ್ದಾಗ ಕಬ್ಬಿಣದ ಆಯುಧಕ್ಕೆ ಸುಲಭವಾಗಿ ಸೀಳುವ ಈ ಕಲ್ಲು ಗಾಳಿಗೆ ಬಿದ್ದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವದನ್ನು ಆತ ಮಲಬಾರದ ಅಂಗಡಿಪುರದಲ್ಲಿ ನೋಡಿ ಬರೆದಿದ್ದಾನೆ. ಆತ ಬರೆದದ್ದನ್ನು ನಮ್ಮ ಅಪ್ಪ ಓದದೆಯೇ ಬಲ್ಲರು. ಅವರು ಮೂವತ್ತು ವರ್ಷ ಚಿರೇಕಲ್ಲಿನ ಪಣೆಯಲ್ಲಿ ಪಿಕಾಸಿ ಹಿಡಿದವರು. ಈಗ ಅಲ್ಲಿ ಯಂತ್ರದ ಗರಗಸ ಬಂದಿದೆ. ಕಲ್ಲನ್ನು ಅವರು ಎಣಿಸುವದು ನೂರರ ಲೆಕ್ಕದಲ್ಲಿ. ಒಂದೇ ಒಂದು ಕಲ್ಲನ್ನು, ಅದೂ ಹುಣಸೆಬೀಜದಷ್ಟನ್ನು, ಮಗನು ತಿಂಗಳುಗಟ್ಟಲೆ ತಿಕ್ಕುವದನ್ನು ಕಂಡು ಅವರು ಬಹಳ ದಿನ ಏನೂ ಅನ್ನಲಿಲ್ಲ. ಒಂದು ದಿನ ಮಾತ್ರ, "ಕಾಲೇಜಿನಲ್ಲಿ ಇದನ್ನೂ ಕಲಿಸುತ್ತಾರೋ?" ಎಂದು ಕೇಳಿದರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗನು ನಾನು. ಅವರ ಕೈಗೆ ಕಲ್ಲಿನಿಂದ ಬಂದ ಕಾಯಿ ನನ್ನ ಕೈಗೆ ಬರಬಾರದೆಂದೇ ಅವರು ನನ್ನನ್ನು ಕಳಿಸಿದ್ದು. ಆ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ.

ಚಿರೇಕಲ್ಲು ಮನೆ ಕಟ್ಟುವದಕ್ಕೆ ಎಷ್ಟು ಯೋಗ್ಯವೋ ಹರಳಿಗೆ ಅಷ್ಟೇ ಅಯೋಗ್ಯ. ಮೈಯೆಲ್ಲ ತೂತು, ಮೆರುಗು ನಿಲ್ಲುವದಿಲ್ಲ. ಗ್ರಾನೈಟೂ ಅಷ್ಟು ಹೊಂದಲಾರದು. ಅದರಲ್ಲಿ ಗಡಸು ಬೆಣಚಿನ ಪಕ್ಕಕ್ಕೇ ಮೆದು ಅಭ್ರಕದ ಚೂರುಗಳಿರುವದರಿಂದ ಸಣ್ಣ ಹರಳಿನಲ್ಲಿ ಅಭ್ರಕ ಮೊದಲು ಸವೆದು ಗುಳಿ ಬೀಳುವದು. ಉಳಿಯುವದು ಹೊಳೆಗಲ್ಲು. ಮೇಲೆ ಬೇಡ್ತಿಯಾಗಿ ಹರಿದು ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಸುಮಾರು ೨೦೦ ಮೀಟರು ಕೆಳಕ್ಕೆ ಬಿದ್ದು, ಕೆಳಗೆ ಗಂಗಾವಳಿ ಎನ್ನಿಸಿಕೊಳ್ಳುವ ಹೊಳೆ ಅಂಕೋಲೆಯ ತನಕ ಉರುಳಿಸಿ ತಂದ ಬಿಳಿ ಬೆಣಚು, ಕಾಳಿ ನದಿಯು ಜೋಯಿಡಾದ ಕಡೆಯಿಂದ ತಂದ ಕಬ್ಬಿಣದ ಪಟ್ಟೆಯ ಕೆಂಗಲ್ಲು ಇವೇ ನನ್ನ ಬಂಡವಾಳ. ಕಾಳಿಯ ಕಲ್ಲಿನ ವಿಷಯದಲ್ಲಿ ಒಂದು ಮಾತು. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಾದ ಮೇಲೆ ಘಟ್ಟದ ಮೇಲಿನ ಕಲ್ಲು ಕೆಳಗಿಳಿಯುವ ದಾರಿ ಮುಚ್ಚಿದೆ. ಅಣೆಕಟ್ಟಿನ ಕೆಳಗೆ ಸಿಕ್ಕುವ ಇಂಥ ಕಲ್ಲು ಹಳೆಯ ದಾಸ್ತಾನೆಂದು ತಿಳಿಯಬೇಕು.

ಆರಿಸುವಾಗ ನೀರೇ ಗುರು. ಒಣಗಿದ ಹೊಳೆಗಲ್ಲೆಲ್ಲ ಬೂದಿ ಬಡಿದಂತೆ ಕಾಣುತ್ತದೆ. ಅದನ್ನು ನೀರಿನಲ್ಲದ್ದಿದರೆ, ಮೆರುಗು ಪಡೆದ ಮೇಲೆ ಅದರ ಬಣ್ಣ ಹೇಗಿರುವದೆಂಬುದು ಆಗಲೇ ಗೊತ್ತಾಗುತ್ತದೆ. ಏಕೆಂದರೆ ನೀರು ಮೇಲ್ಮೈಯ ಸಣ್ಣ ತಗ್ಗುಗಳನ್ನೆಲ್ಲ ತುಂಬಿ, ಬೆಳಕು ಚೆದರದಂತೆ ಮಾಡುತ್ತದೆ. ಮೆರುಗು ಮಾಡುವದೂ ಅದನ್ನೇ. ತಗ್ಗುಗಳನ್ನು ತುಂಬುವ ಬದಲು ದಿಬ್ಬಗಳನ್ನು ಸವೆಸುವದು, ಅಷ್ಟೇ ವ್ಯತ್ಯಾಸ. ಎರಡನೆಯದಾಗಿ, ಒದ್ದೆ ಕಲ್ಲನ್ನು ಬಿಸಿಲಿಗೆ ಹಿಡಿದು ಅದು ಒಣಗುವದನ್ನು ನೋಡುತ್ತಿರಬೇಕು. ಒಳಗೆ ಬಿರುಕಿದ್ದರೆ ಅದರಲ್ಲಿ ಕುಳಿತ ನೀರು ಬೇಗ ಆರುವದಿಲ್ಲ. ಉಳಿದ ಮೈ ಬೆಳ್ಳಗಾದ ಮೇಲೂ ಅಲ್ಲೊಂದು ಕಪ್ಪು ಗೆರೆ ನಿಂತಿರುವದು. ಅಂಥ ಕಲ್ಲನ್ನು ಅಲ್ಲಿಯೇ ಹೊಳೆಗೆ ಒಪ್ಪಿಸಿ ಬರುವದು ಉತ್ತಮ. ಹತ್ತು ಕಲ್ಲಿನಲ್ಲಿ ಎಂಟು ಹೀಗೆ ಹಿಂತಿರುಗುತ್ತವೆ.

ಸಲಕರಣೆಗಳ ವಿಷಯ. ಪುಸ್ತಕಗಳಲ್ಲಿ ವಜ್ರದ ಪುಡಿ ಕೂಡ್ರಿಸಿದ ಗರಗಸ, ಆರು ಚಕ್ರಗಳ ಯಂತ್ರ ಎಂದೆಲ್ಲ ಬರೆದಿರುತ್ತದೆ. ಅದರ ಬೆಲೆ ಕೇಳಿದರೆ ಹರಳನ್ನು ಕೊಂಡೇ ತರುವದು ಲೇಸೆನಿಸುವದು. ನಮ್ಮಂಥವರಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಹೊಡೆಯುವವರು ಕೊಳ್ಳುವ 'ವಾಟರ್ ಪೇಪರ್' ಸಾಕು. ಅದರ ಮೇಲೆ ಅಂಟಿಸಿದ ಕರಿಯ ಹರಳುಪುಡಿ ಸಿಲಿಕಾನ್ ಕಾರ್ಬೈಡ್. ಅಮೇರಿಕದ ಎಡ್ವರ್ಡ್ ಅಚೆಸನ್ ೧೮೯೧ರಲ್ಲಿ ವಿದ್ಯುತ್ತಿನ ಕುಲುಮೆಯಲ್ಲಿ ತಯಾರಿಸಿ 'ಕಾರ್ಬೊರಂಡಮ್' ಎಂದು ಹೆಸರಿಟ್ಟದ್ದು ಇದಕ್ಕೇ. ಗಡಸುತನ ಒಂಬತ್ತಕ್ಕೂ ಮೇಲೆ. ಆದ್ದರಿಂದ ಬೆಣಚನ್ನು ಸವೆಸಬಲ್ಲದು. ಹಾಳೆಯ ಹಿಂದೆ ನಂಬರು ಇರುತ್ತದೆ. ನಂಬರು ಸಣ್ಣದಾದಷ್ಟು ಕಣ ದಪ್ಪ. ೮೦, ೨೨೦, ೪೦೦, ೬೦೦, ೧೦೦೦, ೨೦೦೦ ಹೀಗೆ ಒಂದೊಂದು ಹಾಳೆ ಇದ್ದರೆ ಕೆಲಸ ಶುರುಮಾಡಬಹುದು. ಜೊತೆಗೆ ಎರಡು ಮಗ್ಗುಲಿನ ಒಂದು ಕಾರ್ಬೊರಂಡಮ್ ಕಲ್ಲು, ಒಂದು ತುಂಡು ದಪ್ಪ ಗಾಜು, ಚೂರು ಅರಗು, ಎರಡು ಬೋಗುಣಿ ನೀರು.

ಇದನ್ನೆಲ್ಲ ನನಗೆ ಹೇಳಿಕೊಟ್ಟವರು ನಮ್ಮ ಸೋದರಮಾವ. ಅವರು ಮಡಗಾಂವದಲ್ಲಿ ಮನೆಗಳ ನೆಲಕ್ಕೆ ಫರಸಿ ಹಾಕುವ, ಗ್ರಾನೈಟು ಕೊಯ್ಯುವ ಕೆಲಸಕ್ಕೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹೋದವರು. ಎರಡು ವರ್ಷದ ಹಿಂದೆ ಮೂರು ತಿಂಗಳು ವಿಶ್ರಾಂತಿಗೆಂದು ನಮ್ಮ ಮನೆಗೆ ಬಂದು ಉಳಿದರು. ಏಕೆ ಬಂದರೆಂಬುದನ್ನು ಮುಂದೆ ಹೇಳುವೆ. ಹೊತ್ತು ಹೋಗದೆ ಒಂದು ದಿನ ಅಂಗಳದ ಬೆಣಚುಕಲ್ಲೊಂದನ್ನು ಎತ್ತಿಕೊಂಡು ತಿಕ್ಕತೊಡಗಿದರು. ಪಕ್ಕದಲ್ಲಿ ಕುಳಿತು ನಾನೂ ಇನ್ನೊಂದನ್ನು ಹಿಡಿದೆನು.

ಮೊದಲ ಕೆಲಸ ತಳ ಮಾಡುವದು. ಗಾಜಿನ ಮೇಲೆ ೮೦ರ ಹಾಳೆಯನ್ನು ನೀರಿನಿಂದ ಅಂಟಿಸಿ, ಕಲ್ಲಿನ ಚಪ್ಪಟೆಯಾದ ಮಗ್ಗುಲನ್ನು ಅದರ ಮೇಲೆ ಎಂಟರ ಅಂಕಿಯ ಆಕಾರದಲ್ಲಿ ಆಡಿಸಬೇಕು. ಒಂದೇ ದಿಕ್ಕಿಗೆ ತಿಕ್ಕಿದರೆ ಒಂದು ಕಡೆ ಜೋತು ಬೀಳುವದು. ತಳ ಸಪಾಟಾದ ಮೇಲೆ ಅದರ ಮೇಲೆ ಬೇಕಾದ ಆಕಾರವನ್ನು ಬರೆಯಬೇಕು. ಸಾಮಾನ್ಯವಾಗಿ ಅಂಡಾಕೃತಿ. ಪೆನ್ಸಿಲಿನ ಗೆರೆ ನೀರಿಗೆ ನಿಲ್ಲದು; ಅಲ್ಯುಮಿನಿಯಮ್ಮಿನ ತಂತಿಯನ್ನು ಚೂಪು ಮಾಡಿ ಗೀಚಿದರೆ ಬೆಳ್ಳಿಯಂಥ ಗೆರೆ ಮೂಡುತ್ತದೆ, ಎಷ್ಟು ತೊಳೆದರೂ ಹೋಗದು. ಈ ಉಪಾಯವನ್ನು ಕಂಡುಹಿಡಿದವನಿಗೆ ನನ್ನ ಮನಃಪೂರ್ವಕ ವಂದನೆಗಳು. ಆ ಗೆರೆಯ ಹೊರಗಿನದನ್ನೆಲ್ಲ ಕಾರ್ಬೊರಂಡಮ್ ಕಲ್ಲಿನ ಮೇಲೆ ತಿಕ್ಕಿ ತೆಗೆಯಬೇಕು. ಬೆಣಚುಕಲ್ಲಾದರೆ ಇದಕ್ಕೇ ಒಂದು ವಾರ ಬೇಕು.

ಇಷ್ಟಾಗುವ ಹೊತ್ತಿಗೆ ಬೆರಳಿನ ತುದಿಗಳು ಕಲ್ಲಿಗಿಂತ ಹೆಚ್ಚು ಸವೆದಿರುತ್ತವೆ. ಆದ್ದರಿಂದ ಕಲ್ಲಿಗೊಂದು ಹಿಡಿಕೆ ಬೇಕು. ಪೆನ್ಸಿಲಿನಷ್ಟು ದಪ್ಪದ ಕಡ್ಡಿಯ ತುದಿಗೆ ಅರಗನ್ನು ಕರಗಿಸಿ, ತುಸು ಬೆಚ್ಚಗೆ ಮಾಡಿದ ಕಲ್ಲಿನ ತಳವನ್ನು ಅದಕ್ಕೆ ಒತ್ತಿ ಕೂಡ್ರಿಸುವದು. ಅಕ್ಕಸಾಲಿಗರು ಕೆತ್ತನೆ ಕೆಲಸಕ್ಕೆ ಒಡವೆಯನ್ನು ಅರಗಿನಲ್ಲಿ ಹಿಡಿಸುವ ಕ್ರಮವೇ ಇದು. ಕಲ್ಲು ತಣ್ಣಗಿದ್ದರೆ ಅರಗು ಹಿಡಿಯದು. ಒಮ್ಮೆಲೇ ಬಿಸಿ ತಾಗಿಸಿದರೆ ಕಲ್ಲೇ ಬಿರಿಯುವದು. ಅಂಗೈಗೆ ತಾಳುವಷ್ಟು ಬಿಸಿ ಸಾಕು.

ಅನಂತರ ಗುಮ್ಮಟ. ಹೊಸಬರು ಮಾಡುವದು ಏನೆಂದರೆ, ಕಲ್ಲನ್ನು ನೇರವಾಗಿ ದುಂಡಗೆ ಮಾಡಲು ಹೋಗುವದು. ಹಾಗೆ ಮಾಡಿದರೆ ನೆತ್ತಿ ಚಪ್ಪಟೆಯಾಗಿಯೇ ಉಳಿದು ಅಂಚು ಮಾತ್ರ ತೆಳುವಾಗುತ್ತದೆ. ಸರಿಯಾದ ಕ್ರಮವೆಂದರೆ ಮೊದಲು ಅಂಚಿನ ಸುತ್ತಲೂ ಓರೆಯಾಗಿ ಒಂದು ಪಟ್ಟಿಯನ್ನು ತೆಗೆಯುವದು. ಅದರ ಮೇಲೆ ಇನ್ನೂ ಕಡಿಮೆ ಓರೆಯ ಇನ್ನೊಂದು ಪಟ್ಟಿ. ಆಮೇಲೆ ಆ ಪಟ್ಟಿಗಳು ಕೂಡುವ ಏಣುಗಳನ್ನು ಒಂದೊಂದಾಗಿ ಸವೆಸುವದು. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗುಡ್ಡವನ್ನು ಮಳೆ ದುಂಡಗೆ ಮಾಡುವ ರೀತಿ. ತಳದ ಹತ್ತಿರ ಒಂದೆರಡು ಮಿಲಿಮೀಟರು ನೆಟ್ಟಗೆ ಬಿಡಬೇಕು, ಬೆಳ್ಳಿಯ ಕಟ್ಟು ಹಿಡಿಯುವದು ಅಲ್ಲಿಯೇ. ತಳದ ಅಂಚನ್ನೂ ತುಸು ಮುರಿಯಬೇಕು, ಇಲ್ಲವಾದರೆ ಕಟ್ಟುವಾಗ ಚಕ್ಕೆ ಹಾರುವದು.

ಇಲ್ಲಿಂದ ಮುಂದೆ ಉಳಿದದ್ದು ಗೀರುಗಳ ಲೆಕ್ಕ. ೮೦ರ ಹಾಳೆ ಬಿಟ್ಟ ಗೀರುಗಳನ್ನು ೨೨೦ ತೆಗೆದು ತನ್ನ ಸಣ್ಣ ಗೀರುಗಳನ್ನು ಬಿಡುವದು, ಅವುಗಳನ್ನು ೪೦೦, ಹೀಗೆ. ಮೆರುಗು ಎಂದರೆ ಗೀರಿಲ್ಲದ ಸ್ಥಿತಿಯಲ್ಲ, ಕಣ್ಣಿಗೆ ಕಾಣಲಾರದಷ್ಟು ಸಣ್ಣ ಗೀರುಗಳ ಸ್ಥಿತಿ. ಒಂದು ಹಾಳೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಕಲ್ಲು, ಕೈ, ಗಾಜು, ಉಗುರಿನ ಸಂದು ಎಲ್ಲವನ್ನೂ ತೊಳೆದು ಬೋಗುಣಿಯ ನೀರನ್ನೂ ಬದಲಿಸಬೇಕು. ೮೦ರ ಒಂದೇ ಕಣ ೬೦೦ರ ಹಾಳೆಗೆ ಬಂದರೆ ಮೂರು ದಿನದ ಕೆಲಸ ನೀರುಪಾಲು. ಮತ್ತು ಪರೀಕ್ಷಿಸುವಾಗ ಕಲ್ಲನ್ನು ಒರೆಸಿ, ಪೂರ್ತಿ ಒಣಗಿಸಿ ನೋಡಬೇಕು. ಆರಿಸುವಾಗ ನಿಜ ಹೇಳಿದ ನೀರು ಇಲ್ಲಿ ಸುಳ್ಳು ಹೇಳುತ್ತದೆ. ಗೀರುಗಳನ್ನು ತುಂಬಿ ಎಲ್ಲ ಚೆನ್ನಾಗಿದೆಯೆಂದು ನಂಬಿಸುವದು. ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಗುಮ್ಮಟದ ಮೇಲೆ ಬಿದ್ದ ಬೆಳಕಿನ ಗೆರೆ ಎಲ್ಲಿಯೂ ಮುರಿಯದೆ ಸರಿದರೆ ಆಕಾರ ಸರಿಯಾಗಿದೆಯೆಂದು ತಿಳಿಯಬಹುದು.

ಕೊನೆಯ ಮೆರುಗಿಗೆ ಹಳೆಯ ಚಪ್ಪಲಿಯ ತೊಗಲು, ಅದರ ಮೇಲೆ ಸೀರಿಯಂ ಆಕ್ಸೈಡ್ ಎಂಬ ನಸುಗೆಂಪು ಪುಡಿಯ ಕೆಸರು. ಗಾಜು ಕೊಯ್ಯುವವರ ಹತ್ತಿರ ಇದು ಸಿಕ್ಕುತ್ತದೆ. ಈ ಸೀರಿಯಂ ದೊರೆಯುವದು ಮೊನಜೈಟ್ ಎಂಬ ಖನಿಜದಲ್ಲಿ, ಮೊನಜೈಟ್ ಇರುವದು ಕೇರಳದ ಚವರದಂಥ ಕಡಲತೀರಗಳ ಕರಿಯ ಉಸುಕಿನಲ್ಲಿ. ನಮ್ಮ ಮಾಜಾಳಿಯ ಆಚೆಗೂ ತಿಳ್‌ಮಾತಿ ಎಂಬ ಕಪ್ಪು ಉಸುಕಿನ ತೀರವಿದೆ. ಕೊಂಕಣಿಯಲ್ಲಿ ಎಳ್ಳಿನಂಥ ಮಣ್ಣೆಂದು ಅರ್ಥ. ಅದನ್ನು ತಂದು ತಿಕ್ಕಿದರೆ ಮೆರುಗು ಬರುವದೆಂದು ಯಾರೂ ಭಾವಿಸಬೇಡಿ, ಕಪ್ಪೆಲ್ಲ ಒಂದೇ ಅಲ್ಲ. ನನ್ನ ಮೊದಲ ಬಿಳಿ ಬೆಣಚು ದಿನಕ್ಕೊಂದು ಗಂಟೆಯಂತೆ ಇಪ್ಪತ್ತಮೂರು ದಿನ ತೆಗೆದುಕೊಂಡಿತು. ಇಪ್ಪತ್ತೆರಡು ದಿನ ಅದು ಮಂಕಾಗಿಯೇ ಇದ್ದು ಕೊನೆಯ ದಿನ ಅರ್ಧ ಗಂಟೆಯಲ್ಲಿ ಕಣ್ಣು ತೆರೆಯಿತು.

ಈ ವಿದ್ಯೆ ನಮ್ಮ ದೇಶಕ್ಕೆ ಬಹಳ ಹಳೆಯದು. ಗುಜರಾತದ ಲೋಥಲದಲ್ಲಿ ಸಿಂಧೂ ನಾಗರಿಕತೆಯ ಕಾಲದ ಮಣಿಗಾರರ ಕಾರ್ಖಾನೆಯೇ ದೊರೆತಿದೆ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯನ್ನು ಅಶೋಕನ ಶಾಸನಕ್ಕಾಗಿ ನಾವು ಬಲ್ಲೆವು. ೧೯೫೪ರಲ್ಲಿ ಅಲ್ಲಿ ಉತ್ಖನನ ನಡೆದಾಗ ಅಗೇಟು, ಕಾರ್ನೀಲಿಯನ್ ಮುಂತಾದ ಕಲ್ಲುಗಳ ಮಣಿಗಳೂ ಸಿಕ್ಕವು. ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ರತ್ನಗಳ ಪರೀಕ್ಷೆಗೆ ಸ್ಥಳ ಕೊಟ್ಟಿದ್ದಾನೆ. ಆದರೆ ಪುಸ್ತಕವನ್ನು ಬಿಟ್ಟು ಕೈಯನ್ನು ನೋಡಬೇಕಾದರೆ ಖಂಭಾತಕ್ಕೆ ಹೋಗಬೇಕು. ಗುಜರಾತದ ಆ ಪಟ್ಟಣದಲ್ಲಿ ಶತಮಾನಗಳಿಂದ ಅಗೇಟಿನ ಕೆಲಸ ನಡೆದು ಬಂದಿದೆ. ಕಲ್ಲು ಬರುವದು ಭರೂಚ ಜಿಲ್ಲೆಯ ರತನಪುರದ ಕಡೆಯಿಂದ. ಮಾಸಲು ಹಳದಿಯ ಕಲ್ಲನ್ನು ಮಣ್ಣಿನ ಗಡಿಗೆಯಲ್ಲಿಟ್ಟು ನಿಧಾನವಾಗಿ ಸುಟ್ಟರೆ ಅದು ಕೆಂಪಗಾಗುತ್ತದೆ. ಒಳಗಿನ ಕಬ್ಬಿಣದ ಅಂಶ ನೀರು ಕಳೆದುಕೊಂಡು ಕೆಂಪು ಆಕ್ಸೈಡಾಗುವದೇ ಕಾರಣ. ನಮ್ಮ ಚಿರೇಕಲ್ಲಿನ ಕೆಂಪೂ ಕಬ್ಬಿಣದ್ದೇ ಎಂದು ತಿಳಿದಾಗ ನಾನು ಅದನ್ನು ಅಪ್ಪನಿಗೆ ಹೇಳಿದೆನು. "ಆದರೆ ದರ ಬೇರೆ" ಎಂದರು. ಸುಟ್ಟ ಕಲ್ಲನ್ನು ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಆನಿಸಿ, ಎಮ್ಮೆಯ ಕೊಂಬಿನ ತಲೆಯುಳ್ಳ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಚಕ್ಕೆ ಎಬ್ಬಿಸುವರು. ಕಬ್ಬಿಣದ ಸುತ್ತಿಗೆ ಒಡೆಯುವದು, ಕೊಂಬು ಬಿಡಿಸುವದು.

ಖಂಭಾತದ ಹೆಸರು ಇನ್ನೊಂದು ಕಾರಣಕ್ಕೂ ಪ್ರಸಿದ್ಧವಾಗಿದೆ, ಅದು ವೈದ್ಯರ ನಡುವೆ. ಅಲ್ಲಿ ಮನೆಮನೆಗಳಲ್ಲಿ ಒಣ ಚಕ್ರದ ಮೇಲೆ ಅಗೇಟು ತಿಕ್ಕುವವರಿಗೂ, ಅದೇ ಕೋಣೆಯಲ್ಲಿ ಕುಳಿತ ಮನೆಯವರಿಗೂ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ತಗಲಿದ್ದನ್ನು ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಪರೀಕ್ಷಿಸಿ ತೋರಿಸಿದ್ದಾರೆ. ನಮ್ಮಲ್ಲಿ ಕೋಲಾರದ ಚಿನ್ನದ ಗಣಿಯ ಕಾರ್ಮಿಕರು ಇದನ್ನು ತಲೆಮಾರುಗಳ ಕಾಲ ಉಂಡರು. ಗಣಿ ೨೦೦೧ರಲ್ಲಿ ಮುಚ್ಚಿತು. ಸಂಗತಿ ಹೀಗಿದೆ. ಬೆಣಚು, ಅಗೇಟು, ಗ್ರಾನೈಟುಗಳನ್ನು ಒಣಗಿಯೇ ಕೊಯ್ದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಕಣಗಳು ಅಷ್ಟು ಕೆಟ್ಟವಲ್ಲ, ಮೂಗು ಗಂಟಲುಗಳೇ ಅವನ್ನು ತಡೆಯುತ್ತವೆ. ಮಿಲಿಮೀಟರಿನ ಸಾವಿರದ ನಾಲ್ಕೈದು ಪಾಲಿನಷ್ಟು ಸಣ್ಣ ಕಣಗಳು ಶ್ವಾಸಕೋಶದ ತಳಕ್ಕೆ ಹೋಗಿ ಕೂ‌ಡ್ರುವವು. ದೇಹದ ಕಾವಲುಕೋಶಗಳು ಅವನ್ನು ನುಂಗಿ ಕರಗಿಸಲಾರದೆ ತಾವೇ ಸಾಯುವವು; ಸತ್ತಲ್ಲೆಲ್ಲ ಗಾಯದ ಕಲೆಯಂತೆ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವದು. ಅದನ್ನು ಮರಳಿ ಮೆದು ಮಾಡುವ ಔಷಧ ಇಲ್ಲ. ಕ್ಷಯಕ್ಕೂ ಅದು ಬಾಗಿಲು ತೆರೆಯುವದು. ಕಾರ್ಖಾನೆ, ಗಣಿಗಳ ಕಾಯದೆಗಳು ಇದನ್ನು ಸರಕಾರಕ್ಕೆ ತಿಳಿಸಲೇಬೇಕಾದ ರೋಗವೆಂದು ಹೇಳಿವೆ. ಆದರೆ ಮನೆಯಿಂದ ಮನೆಗೆ ಗರಗಸ ಹೊತ್ತು ಹೋಗುವವನಿಗೆ ಕಾರ್ಖಾನೆ ಯಾವುದು?

ನಮ್ಮ ಮಾವ ವಿಶ್ರಾಂತಿಗೆ ಬಂದದ್ದು ಇದರಿಂದಲೇ. ಇಪ್ಪತ್ತಾರು ವರ್ಷ ಗ್ರಾನೈಟನ್ನು ಒಣಗಿಯೇ ಕೊಯ್ದರು. ಮೂಗಿಗೆ ಟವೆಲು ಕಟ್ಟಿಕೊಳ್ಳುತ್ತಿದ್ದರಂತೆ. ಅಷ್ಟು ಸಣ್ಣ ಕಣಕ್ಕೆ ಟವೆಲು ಬಾಗಿಲಿಲ್ಲದ ಚೌಕಟ್ಟಿದ್ದಂತೆ. ನೀರು ಹಾಕಿ ಕೊಯ್ದರೆ ಕೆಸರು ಬೀಳುತ್ತದೆ, ಹೊಸ ಗೋಡೆ ಹೊಲಸಾಗುತ್ತದೆ, ಕೆಲಸ ನಿಧಾನವಾಗುತ್ತದೆ ಎಂದು ಯಾರೂ ಒಪ್ಪುತ್ತಿರಲಿಲ್ಲ. ಈಗ ಅವರಿಗೆ ನಾಲ್ವತ್ತೆಂಟು. ಮೊದಲು ಒಂದೇ ಉಸಿರಿಗೆ ಏರುತ್ತಿದ್ದ ಸದಾಶಿವಗಡದ ಗುಡ್ಡವನ್ನು ಈಗ ಮೂರು ಕಡೆ ಕುಳಿತು ಏರುತ್ತಾರೆ. ಇಷ್ಟಾಗಿ ನನಗೆ ಅವರು ಹೇಳಿದ್ದು ಒಂದೇ ಮಾತು: "ಮೊದ್ಲು ನೀರು ಹಾಕು ಮಾರಾಯಾ, ಆಮೇಲೆ ಕಲ್ಲು ಮುಟ್ಟು." ಹಾಳೆ ತುಸು ಒಣಗಿದರೂ ಸಾಕು, ಅವರಿಗೆ ಸದ್ದಿನಿಂದಲೇ ಗೊತ್ತಾಗುವದು, ಒಳಗಿನ ಕೋಣೆಯಿಂದ ಬೈಗುಳು ಬರುವದು. ಅವರ ಜೀವನಕ್ಕೂ ನನ್ನ ಹವ್ಯಾಸಕ್ಕೂ ಇರುವ ಅಂತರ ಒಂದು ಬೋಗುಣಿ ನೀರಿನಷ್ಟು. ಆ ನೀರನ್ನು ಸುರಿದುಕೊಳ್ಳುವ ಬಿಡುವು ನನಗಿದೆ, ಅವರಿಗೆ ಇರಲಿಲ್ಲ.

ಆದ್ದರಿಂದ ಈ ಹವ್ಯಾಸಕ್ಕೆ ಕೈಹಾಕುವವರಲ್ಲಿ ನನ್ನ ವಿನಂತಿ. ಒಣಗಲ್ಲನ್ನು ಎಂದೂ ತಿಕ್ಕಬೇಡಿರಿ. ಕೆಲಸವಾದ ಮೇಲೆ ಉಳಿದ ಕೆಸರನ್ನು ಒಣಗಲು ಬಿಟ್ಟು ಪೊರಕೆಯಿಂದ ಗುಡಿಸಬೇಡಿರಿ, ಗುಡಿಸಿದರೆ ಅದೇ ಧೂಳು ಮತ್ತೆ ಏಳುವದು. ಒದ್ದೆಯಿರುವಾಗಲೇ ಬಟ್ಟೆಯಿಂದ ಒರೆಸಿ ತೆಗೆಯಿರಿ. ಅಡಿಗೆಯ ಮನೆಯಲ್ಲಿ ಕುಳಿತು ಮಾಡಬೇಡಿರಿ. ಚಿಪ್ಪು, ಶಂಖಗಳನ್ನು ತಿಕ್ಕುವಾಗಲೂ ಇದೇ ನಿಯಮ.

ಕಲ್ಲು ಹೆಕ್ಕುವ ಜಾಗದ ವಿಷಯದಲ್ಲಿಯೂ ವಿವೇಕ ಬೇಕು. ಬಿಣಗಾ, ಅರ್ಗಾ ಕಡೆಯ ತೀರದಲ್ಲಿ ನೌಕಾನೆಲೆಯ ಸರಹದ್ದಿದೆ, ಅಲ್ಲಿ ಕಲ್ಲಿನ ನೆವ ಹೇಳಿದರೆ ಯಾರೂ ಕೇಳುವದಿಲ್ಲ. ದೇವಸ್ಥಾನದ ಸುತ್ತಿನ ಕಲ್ಲನ್ನು ಮುಟ್ಟಬಾರದು. ಹೆದ್ದಾರಿಗಾಗಿ ಕಡಿದ ಗುಡ್ಡಗಳ ಬುಡದಲ್ಲಿ ಹೊಸ ಕಲ್ಲು ಕಾಣುತ್ತದೆಂದು ಹೋಗಬಾರದು. ೨೦೨೪ರ ಜುಲೈ ೧೬ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಎಷ್ಟು ಜೀವಗಳನ್ನು ಗಂಗಾವಳಿಗೆ ತಳ್ಳಿತೆಂಬುದನ್ನು ನಾವಾರೂ ಮರೆತಿಲ್ಲ. ಹೊಳೆಯ ದಂಡೆಯಲ್ಲಿ ಬೇಸಿಗೆಯ ಇಳಿತದ ಹೊತ್ತಿಗೆ ಕಿಸೆಯಲ್ಲಿ ಹಿಡಿಯುವ ಒಂದೆರಡು ಕಲ್ಲು ಸಾಕು. ಒಂದು ಕಲ್ಲಿಗೆ ಒಂದು ತಿಂಗಳಾದರೆ ಚೀಲ ತುಂಬಿ ತಂದು ಮಾಡುವದೇನು?

ಎರಡನೆಯದು ಕಾಳಿಯ ಕೆಂಗಲ್ಲು. ಅದರಲ್ಲಿ ಕಡುಕೆಂಪಿನ ನಡುವೆ ಬೂದುಬಣ್ಣದ ಉಕ್ಕಿನಂಥ ಗೆರೆಗಳು ಅಲೆಯಂತೆ ಹಾದಿವೆ. ಗಡಸು ಎರಡೂ ಸಮನಲ್ಲದ್ದರಿಂದ ಗೆರೆಗಳ ಹತ್ತಿರ ಬಹಳ ಹಗುರಾಗಿ ಒತ್ತಬೇಕಾಯಿತು. ಮುಗಿದ ಮೇಲೆ ಅಂಕೋಲೆಯ ಪೇಟೆಯ ಅಕ್ಕಸಾಲಿಗರೊಬ್ಬರಿಗೆ ತೋರಿಸಿದೆನು. ಅವರು ಕನ್ನಡಕ ಏರಿಸಿ, ತಳ ನೋಡಿ, ಅಂಚಿನ ಮೇಲೆ ಉಗುರಾಡಿಸಿ, "ಕೈಯಲ್ಲಿ ತಿಕ್ಕಿದ್ದೋ?" ಎಂದು ಕೇಳಿ, ಕೂಲಿ ತಗ್ಗಿಸಿ ಬೆಳ್ಳಿಯ ಕಟ್ಟು ಹಾಕಿಕೊಟ್ಟರು. ಅದೀಗ ಆಯಿಯ ಬೆರಳಿನಲ್ಲಿದೆ. ಮೀನು ಹೆಚ್ಚುವಾಗ ತೆಗೆದು ತೆಂಗಿನ ಕರಟದಲ್ಲಿಡುತ್ತಾಳೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಾಲೇಜಿನಲ್ಲಿ ಕಲಿಸುತ್ತಾರೋ ಎಂದು ಮತ್ತೆ ಕೇಳಲಿಲ್ಲ.

ಮಾವ ಮಡಗಾಂವಕ್ಕೆ ಮರಳಿದ್ದಾರೆ. ಈಗ ಕೊಯ್ಯುವ ಕೆಲಸಕ್ಕೆ ಹೋಗುವದಿಲ್ಲ, ನೀರು ಹಾಕಿ ನೆಲಕ್ಕೆ ಮೆರುಗು ಕೊಡುವ ಕೆಲಸ ಮಾತ್ರ, ಕೂಲಿ ಕಡಿಮೆ. ಬರುವಾಗ ಉಪಯೋಗಿಸಿ ಬಿಟ್ಟ ಹಾಳೆಗಳನ್ನು ನನಗಾಗಿ ಕಟ್ಟಿಕೊಂಡು ಬರುತ್ತಾರೆ. ಕಲಿಯಬೇಕೆನ್ನುವ ಗೆಳೆಯರು ಶನಿವಾರ ಮಧ್ಯಾಹ್ನದ ತರಗತಿಗಳಾದ ಮೇಲೆ ನನ್ನನ್ನು ಕಾಣಬಹುದು. ಹಾಳೆಗಳು ನನ್ನಲ್ಲಿವೆ, ಕಲ್ಲನ್ನು ಮಾತ್ರ ಅವರೇ ತರಬೇಕು, ಒದ್ದೆ ಮಾಡಿ ಒಣಗಿಸಿ ನೋಡಿದ್ದನ್ನು. ನನ್ನ ಮೂರನೆಯ ಕಲ್ಲು ಈಗ ೪೦೦ರ ಹಾಳೆಯ ಮೇಲಿದೆ. ಆರನೆಯ ಸೆಮಿಸ್ಟರಿನ ಪರೀಕ್ಷೆ ಮುಗಿಯುವ ತನಕ ಅದು ಅಲ್ಲಿಯೇ ಇರುವದು.